ಪುಸ್ತಕದಲ್ಲಿಲ್ಲದ ಕವಲುಗಳು

ಬಿ.ಎಸ್ಸಿ. ಪ್ರಾಣಿಶಾಸ್ತ್ರ ಮುಗಿಸಿದವರು ಮೆಡಿಕಲ್ ಕಾಲೇಜಿಗೆ ಸೇರಿ ಅನಾಟಮಿಯಲ್ಲೋ (ದೇಹದ ರಚನೆಯ ಅಧ್ಯಯನ) ಫಿಸಿಯಾಲಜಿಯಲ್ಲೋ (ದೇಹ ಕೆಲಸ ಮಾಡುವ ಬಗೆಯ ಅಧ್ಯಯನ) ಎಂ.ಎಸ್ಸಿ. ಮಾಡಬಹುದು ಎಂಬುದು ನಮ್ಮ ಕಡೆ ಬಹಳ ಮಕ್ಕಳಿಗೆ ಗೊತ್ತೇ ಇಲ್ಲ. ನಾನು ಮಾಡಿದ್ದು ಮೂರು ವರ್ಷದ ಎಂ.ಎಸ್ಸಿ. ಮೆಡಿಕಲ್ ಅನಾಟಮಿ. ಈಗ ಬೆಂಗಳೂರಿನಲ್ಲಿ ಮೂಳೆ ಇಂಪ್ಲಾಂಟ್ (ಮೂಳೆಗೆ ಆಸರೆಯಾಗಿ ದೇಹದೊಳಗೆ ಕೂರಿಸುವ ಸಾಧನ) ತಯಾರಿಸುವವರ ವಿನ್ಯಾಸ ತಂಡದಲ್ಲಿದ್ದೇನೆ.

ದೇಹ ಛೇದಿಸಿ ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ನಾನು ಮೊದಲಿನಿಂದ ಪಾಲಿಸಿದ್ದು ಒಂದೇ ಕ್ರಮ: ಪುಸ್ತಕಕ್ಕೆ ಹೊಂದದ್ದು ಏನೇ ಕಂಡರೂ ಅಲ್ಲೇ ಚಿತ್ರ ಬರೆದು ಅಳತೆ ಹಾಕುವುದು. ಮೂತ್ರಪಿಂಡಕ್ಕೆ ಪುಸ್ತಕ ಒಂದೇ ಅಪಧಮನಿ ತೋರಿಸುತ್ತದೆ. ನಿಜದಲ್ಲಿ ಸುಮಾರು ಕಾಲು ಭಾಗ ಜನರಲ್ಲಿ ಹೆಚ್ಚುವರಿ ಅಪಧಮನಿ ಇರುತ್ತದೆ. ಅಂಥದ್ದು ಕಂಡ ಸಂಜೆ ಫಿಸಿಯಾಲಜಿ ಪುಸ್ತಕ ತೆರೆಯುತ್ತಿದ್ದೆ. ಹೃದಯ ನಿಮಿಷಕ್ಕೆ ತಳ್ಳುವ ಸುಮಾರು 5 ಲೀಟರ್ ರಕ್ತದಲ್ಲಿ ಐದನೇ ಒಂದು ಭಾಗ ಮೂತ್ರಪಿಂಡಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಿ ಇಳಿಯುತ್ತದೆ. ಮೂತ್ರಪಿಂಡದ ಅಪಧಮನಿಯ ಕವಲುಗಳು ಒಂದಕ್ಕೊಂದು ಕೂಡುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ಆ ಹೆಚ್ಚುವರಿ ನಾಳವನ್ನು ಕಟ್ಟಿಬಿಟ್ಟರೆ ಅದನ್ನು ನಂಬಿದ ಭಾಗ ಸಾಯುತ್ತದೆ. ರಚನೆ ಬೇರೆ, ಕೆಲಸ ಬೇರೆ ಎಂದು ಓದುವುದು ನನ್ನ ಮಟ್ಟಿಗೆ ಅಲ್ಲಿಗೆ ನಿಂತಿತು.

ಬರೆದಿಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಮೇಜಿನ ಮೇಲಿರುವುದು ಯಾರೋ ಮನಸಾರೆ ಕೊಟ್ಟ ದೇಹ. ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ತಂದೆಯ ಇಚ್ಛೆಯಂತೆ ಅವರ ದೇಹವನ್ನೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಆ ನೆಲದವರಾಗಿ ನಾವು ಬೇಕಾಬಿಟ್ಟಿಯಾಗಿ ಕತ್ತರಿಸಿ ಎದ್ದು ಹೋಗಲು ಆಗದು.

ಡಿಸರ್ಟೇಶನ್‌ಗೆ (ಕೋರ್ಸಿನ ಸಂಶೋಧನಾ ಪ್ರಬಂಧಕ್ಕೆ) ತೊಡೆಮೂಳೆ ಆರಿಸಿಕೊಂಡೆ. ಅದು ನೆಟ್ಟಗಿರುವುದಿಲ್ಲ, ಮುಂದಕ್ಕೆ ಸ್ವಲ್ಪ ಬಾಗಿರುತ್ತದೆ. ವಿಭಾಗದಲ್ಲಿದ್ದ ಒಣ ಮೂಳೆಗಳನ್ನು ಅಗಲ ಅಳೆಯುವ ವರ್ನಿಯರ್, ಕೋನ ಅಳೆಯುವ ಗೋನಿಯೋಮೀಟರ್ ಹಿಡಿದು ಅಳೆದೆ. ಬಾಗು, ಸೊಂಟದ ಕಡೆ ಮೂಳೆಯ ಕತ್ತಿನ ಕೋನ, ಮಜ್ಜೆಯ ನಾಳದ ಅಗಲ. ಮೂಳೆ ಮುರಿದಾಗ ಒಳಗೆ ತೂರಿಸುವ ಉದ್ದನೆಯ ಲೋಹದ ಸರಳು, ಅಂದರೆ ನೇಲ್, ಮೂಳೆಗಿಂತ ನೆಟ್ಟಗಿದ್ದರೆ ಅದರ ತುದಿ ಮೊಣಕಾಲಿನ ಮೇಲ್ಗಡೆ ಮುಂಭಾಗದ ಗೋಡೆಗೆ ಒತ್ತುತ್ತದೆ, ಕೆಲವೊಮ್ಮೆ ಸೀಳುತ್ತದೆ. ಇಂಟರ್‌ವ್ಯೂನಲ್ಲಿ ಮಾತೆಲ್ಲ ಈ ಅಳತೆಗಳ ಸುತ್ತಲೇ ನಡೆಯಿತು, ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ.

ಪಾಠ ಮಾಡುವ ಕೆಲಸ ನನಗೆ ಇಂದಿಗೂ ಪ್ರೀತಿಯದು. ಆದರೆ ವೈದ್ಯರಲ್ಲದ ಎಂ.ಎಸ್ಸಿ.ಯವರನ್ನು ಅನಾಟಮಿ ವಿಭಾಗಕ್ಕೆ ಎಷ್ಟು ತೆಗೆದುಕೊಳ್ಳಬಹುದು ಎಂಬ ಮಿತಿಯನ್ನು 2020ರಲ್ಲಿ ಶೇ. 30ರಿಂದ 15ಕ್ಕೆ ಇಳಿಸಲಾಯಿತು. ಆಮೇಲೆ ನಿಯಮಗಳು ಮತ್ತೆ ಬದಲಾಗಿವೆ. ಕೋರ್ಸಿಗೆ ಸೇರುವ ಮುನ್ನ ಆ ವರ್ಷದ ನಿಯಮವನ್ನು ನೀವೇ ಓದಿ, ಸೀನಿಯರ್‌ಗಳ ಮಾತಷ್ಟನ್ನೇ ನಂಬಬೇಡಿ.

ಮೂರನೇ ವರ್ಷದಲ್ಲಿ ಬಿಡುವು ಸಿಕ್ಕಾಗಲೆಲ್ಲ ರೇಡಿಯಾಲಜಿ ವಿಭಾಗದಲ್ಲಿ ಕೂತು ಸಿಟಿ ಸ್ಕ್ಯಾನ್ ಓದುವುದನ್ನು, ಅದರಿಂದ ಮೂಳೆಯ ಮೂರು ಆಯಾಮದ ಮಾದರಿ ತೆಗೆಯುವುದನ್ನು ಕಲಿತೆ. ಸಿಲಬಸ್‌ನಲ್ಲಿ ಅದು ಇರಲಿಲ್ಲ. ಈಗ ನನ್ನ ದಿನದ ಕೆಲಸವೇ ಅದು: ಹೊಸ ನೇಲ್‌ನ ನಕ್ಷೆ ಬಂದರೆ ಅದನ್ನು ಸ್ಕ್ಯಾನ್‌ನಿಂದ ತೆಗೆದ ಬೇರೆ ಬೇರೆ ತೊಡೆಮೂಳೆಗಳೊಳಗೆ ಕೂರಿಸಿ, ಎಲ್ಲಿ ತಾಗುತ್ತದೆ ಎಂದು ಎಂಜಿನಿಯರುಗಳಿಗೆ ಗುರುತು ಹಾಕಿ ಕೊಡುತ್ತೇನೆ.