ಮುದ್ದೆಯಾಗದ ನೆಕ್ ಪಿಕಪ್: ಎಲೆಕ್ಟ್ರಿಕ್ ಗಿಟಾರಿಗೆ ಆರಿಸುವುದು ಹೇಗೆ

ಗಿಟಾರಿನ ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ, ಆಯಸ್ಕಾಂತದ ಸುತ್ತ ತಾಮ್ರದ ತಂತಿ ಸುತ್ತಿದ ಭಾಗವೇ ಪಿಕಪ್. ಕುತ್ತಿಗೆಯ (ನೆಕ್) ಬದಿಯಲ್ಲಿರುವುದು ನೆಕ್ ಪಿಕಪ್. ಅದರಿಂದ ಎಲ್ಲರಿಗೂ ಬೇಕಾದದ್ದು ಎರಡು. ದನಿ ತುಂಬಿರಬೇಕು, ಸ್ವರಗಳು ಬಿಡಿಬಿಡಿಯಾಗಿ ಕೇಳಬೇಕು. ಹೆಚ್ಚಿನ ಗಿಟಾರುಗಳಲ್ಲಿ ಮೊದಲನೆಯದು ಮಾತ್ರ ಸಿಗುತ್ತದೆ. ಒಂಟಿ ಸ್ವರ ಚೆನ್ನಾಗಿರುತ್ತದೆ, ಕಾರ್ಡ್ ಹಿಡಿದ ಕೂಡಲೇ ನೀರು ಹೆಚ್ಚಾದ ಅನ್ನದ ಹಾಗೆ ಆರೂ ತಂತಿ ಮುದ್ದೆಯಾಗುತ್ತವೆ. ಆಂಪ್‌ನಲ್ಲಿ ಸ್ವಲ್ಪ ಗೇನ್ (ದನಿಯನ್ನು ಒರಟಾಗಿಸುವ ವರ್ಧನೆ) ಏರಿಸಿದರಂತೂ ಬಾಯಿಗೆ ಬಟ್ಟೆ ಒತ್ತಿಕೊಂಡು ಹಾಡಿದಂತಿರುತ್ತದೆ. ಆಗ ಜನ ಇನ್ನೂ ಜೋರಾದ, 'ಹಾಟ್' ಪಿಕಪ್ ಹುಡುಕಲು ಹೊರಡುತ್ತಾರೆ. ಅದು ಉಲ್ಟಾ ದಾರಿ. ನೆಕ್ ಜಾಗಕ್ಕೆ ಬೇಕಾದದ್ದು ಕಡಿಮೆ ಸುತ್ತಿನ ಪಿಕಪ್.

ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್ ಹತ್ತಿರ ತಂತಿ ಅಲ್ಲಾಡುವುದು ಕಡಿಮೆ, ನೆಕ್ ಹತ್ತಿರ ಬಹಳ. ಅದರಲ್ಲೂ ಮೂಲಸ್ವರದ ಓಲಾಟ ಅಲ್ಲಿ ದೊಡ್ಡದು. ಅಂದರೆ ದನಿಯ ತುಂಬು ಆ ಜಾಗದಿಂದಲೇ ಪುಕ್ಕಟೆ ಬರುತ್ತದೆ, ಅದಕ್ಕಾಗಿ ಪಿಕಪ್‌ಗೆ ದುಡ್ಡು ಸುರಿಯಬೇಕಿಲ್ಲ. ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನ ಸ್ಕೇಲ್, ಅಂದರೆ ಅಲುಗುವ ತಂತಿಯ ಉದ್ದ, 648 ಮಿ.ಮೀ. ಅದರ ನೆಕ್ ಪಿಕಪ್ ಕೂತಿರುವುದು ಬ್ರಿಡ್ಜ್‌ನಿಂದ ಸುಮಾರು 162 ಮಿ.ಮೀ. ದೂರದಲ್ಲಿ, ಸರಿಯಾಗಿ ಕಾಲು ಭಾಗಕ್ಕೆ. ಖಾಲಿ ತಂತಿಯ ನಾಲ್ಕನೇ ಹಾರ್ಮೋನಿಕ್ (ಮೂಲಸ್ವರದ ನಾಲ್ಕು ಪಟ್ಟು ಆವರ್ತನದ ಉಪಸ್ವರ) ಆ ಬಿಂದುವಿನಲ್ಲಿ ಅಲುಗುವುದೇ ಇಲ್ಲ. ಕೊಳಲಿನಂಥ ಆ ಗುಂಡು ದನಿಗೆ ಇದೂ ಒಂದು ಕಾರಣ. 24 ಫ್ರೆಟ್‌ನ ಗಿಟಾರಿನಲ್ಲಿ ನೆಕ್ ಪಿಕಪ್ ಸುಮಾರು 2 ಸೆಂ.ಮೀ. ಬ್ರಿಡ್ಜ್ ಕಡೆಗೆ ಸರಿದಿರುತ್ತದೆ, ಹಾಗಾಗಿ ದನಿ ತುಸು ತೆಳು, ತುಸು ಚುರುಕು. 22 ಫ್ರೆಟ್‌ನ ಗಿಟಾರಿನಲ್ಲಿ ಚೆನ್ನಾಗಿದ್ದ ಪಿಕಪ್ ಇಲ್ಲಿ ಅದೇ ಥರ ಕೇಳುವುದಿಲ್ಲ.

ಹೊಸದು ಕೊಳ್ಳುವ ಮೊದಲು ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಮುದ್ದೆ ದನಿಯ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ. ಆರನೇ ತಂತಿಯನ್ನು ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ತಂತಿಯ ತಳದಿಂದ ಅದರ ಕೆಳಗಿನ ಪೋಲ್‌ನ (ಪಿಕಪ್‌ನ ಲೋಹದ ಕಡ್ಡಿ ಅಥವಾ ಸ್ಕ್ರೂ) ತಲೆಯವರೆಗೆ ಅಳೆಯಿರಿ. ಒಂದನೇ ತಂತಿಗೂ ಹಾಗೇ. ಆಲ್ನಿಕೊ (ಆಯಸ್ಕಾಂತದ ಮಿಶ್ರಲೋಹ) ಕಡ್ಡಿಗಳ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್, ಆದರೆ ದಪ್ಪ ತಂತಿಯ ಕಡೆ 2.4, ಸಣ್ಣ ತಂತಿಯ ಕಡೆ 2 ಮಿ.ಮೀ. ಇಟ್ಟು ಶುರು ಮಾಡಿ. ಹಮ್ (ವಿದ್ಯುತ್ತಿನ ಗುಯ್ ಸದ್ದು) ತಡೆಯಲು ಎರಡು ಸುರುಳಿ ಇರುವ ಹಂಬಕರ್ ಆದರೆ ಎರಡೂ ಕಡೆ 2.4. ಆಮೇಲೆ ದಪ್ಪ ತಂತಿಯ ಕಡೆಯನ್ನು ಮಾತ್ರ ಅರ್ಧರ್ಧ ಸುತ್ತು ಇಳಿಸುತ್ತಾ ಬನ್ನಿ. ಪ್ರತಿ ಸಲವೂ ಆರನೇ ತಂತಿಯ 5ನೇ ಫ್ರೆಟ್ ಮತ್ತು ಐದನೇ ತಂತಿಯ 4ನೇ ಫ್ರೆಟ್, ಅಂದರೆ ಎ ಮತ್ತು ಸಿ ಶಾರ್ಪ್, ಎರಡನ್ನೂ ಒಟ್ಟಿಗೆ ಮೀಟಿ. ತಗ್ಗಿನ ಸ್ಥಾಯಿಯ ಈ ಜೋಡಿ ಬಲು ಕಟುವಾದ ಪರೀಕ್ಷೆ. ತುಸು ಗೇನ್ ಹಾಕಿದಾಗಲೂ ಎರಡು ಸ್ವರ ಎರಡಾಗಿಯೇ ಕೇಳಿದರೆ ನಿಮ್ಮ ಪಿಕಪ್ ಸರಿಯಿದೆ, ಎತ್ತರ ತಪ್ಪಿತ್ತು ಅಷ್ಟೆ. ದಪ್ಪ ತಂತಿಯ ಕಡೆ 3.5 ಮಿ.ಮೀ. ತನಕ ಇಳಿದರೂ ಗಾಬರಿ ಬೇಡ. ಕಡಿಮೆಯಾದ ಸದ್ದನ್ನು ಆಂಪ್‌ನಲ್ಲಿ ಏರಿಸಿಕೊಂಡರಾಯಿತು.

ಸಿಂಗಲ್ ಕಾಯಿಲನ್ನು ಹೆಚ್ಚು ಎತ್ತರಿಸಿದರೆ ಇನ್ನೊಂದು ಕಾಟ ಇದೆ. ಆಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ದಪ್ಪ ತಂತಿಗಳಲ್ಲಿ 12ನೇ ಫ್ರೆಟ್ ದಾಟಿದ ಮೇಲೆ ಒಂದೇ ಸ್ವರ ಎರಡಾದಂತೆ ನಡುಗುತ್ತದೆ, ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಯಿರುವುದು) ಎಷ್ಟು ತಿದ್ದಿದರೂ ಕೂರುವುದಿಲ್ಲ. ಬ್ರಿಡ್ಜ್ ಬಿಚ್ಚಿ ಪರದಾಡುವ ಮೊದಲು ಪಿಕಪ್ ಇಳಿಸಿ ನೋಡಿ.

ಇಳಿಸಿಯೂ ಆಗಲಿಲ್ಲ ಅಂದರೆ ಹೊಸ ಪಿಕಪ್ ವಿಚಾರ. ಜಾಹೀರಾತಿನಲ್ಲಿ ಎದ್ದು ಕಾಣುವುದು ಡಿಸಿ ರೆಸಿಸ್ಟೆನ್ಸ್: 7.4 ಕಿಲೋ ಓಮ್, 8.5, 14, ಹೀಗೆ. ಇದು ದನಿಯ ಅಳತೆಯಲ್ಲ, ತಾಮ್ರದ ತಂತಿ ಎಷ್ಟುದ್ದ, ಎಷ್ಟು ಸಣ್ಣ ಎಂಬುದರ ಲೆಕ್ಕ ಮಾತ್ರ. ಟೆಲಿಕ್ಯಾಸ್ಟರ್ ನೆಕ್ ಪಿಕಪ್‌ಗೆ 43 ಗೇಜ್ ತಂತಿ ಸುತ್ತುತ್ತಾರೆ, ಸ್ಟ್ರಾಟ್‌ಗೆ 42 (ಗೇಜ್ ಹೆಚ್ಚಾದಷ್ಟೂ ತಂತಿ ಸಣ್ಣ). ಉದ್ದ ಒಂದೇ ಆದರೂ 43ರ ಓಮ್ ಸುಮಾರು ಕಾಲು ಭಾಗ ಹೆಚ್ಚು. ಆದ್ದರಿಂದ ಟೆಲಿಯ 7.5 ಮತ್ತು ಸ್ಟ್ರಾಟ್‌ನ 6 ಹೆಚ್ಚು ಕಡಿಮೆ ಒಂದೇ ಸುತ್ತು. ಇನ್ನು ಬಿಸಿಲಿನ ಪಾಲೂ ಇದೆ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಶೇ 0.39ರಂತೆ ಏರುತ್ತದೆ. 20 ಡಿಗ್ರಿಯಲ್ಲಿ 7.5 ತೋರಿಸುವ ಪಿಕಪ್ ಮೇ ತಿಂಗಳ ಕಲಬುರಗಿಯಲ್ಲಿ, 40 ಡಿಗ್ರಿಗೆ, 8.1 ತೋರಿಸುತ್ತದೆ. ಮಾರಿದವರು ಮೋಸ ಮಾಡಿದರು ಅಂದುಕೊಳ್ಳಬೇಡಿ.

ನೋಡಬೇಕಾದ ಅಂಕಿ ಇಂಡಕ್ಟೆನ್ಸ್, ಹೆನ್ರಿಗಳಲ್ಲಿ. ಸಾಮಾನ್ಯ ಸ್ಟ್ರಾಟ್ ಪಿಕಪ್ ಸುಮಾರು 2.4 ಹೆನ್ರಿ, ಹಳೇ ಮಾದರಿಯ ಹಂಬಕರ್ 4ರಿಂದ 4.5, ಹಾಟ್ ಹಂಬಕರ್ 8ರ ಆಸುಪಾಸು. ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಇವೆರಡೂ ಸೇರಿ ಒಂದು ಆವರ್ತನದಲ್ಲಿ ಉಬ್ಬು ಕೊಡುತ್ತವೆ, ಅದರಾಚೆ ದನಿ ಕಡಿದಾಗಿ ಇಳಿಯುತ್ತದೆ. 6 ಮೀಟರ್ ಕೇಬಲ್ ಹಾಕಿ ಲೆಕ್ಕ ಮಾಡಿದರೆ, ಪಿಕಪ್‌ನೊಳಗಿನ ಕೆಪಾಸಿಟೆನ್ಸ್ ಬಿಟ್ಟು, 2.4 ಹೆನ್ರಿಗೆ ಆ ಉಬ್ಬು 4200 ಹರ್ಟ್ಸ್ ಹತ್ತಿರ, 4.5ಕ್ಕೆ 3000, 8ಕ್ಕೆ 2300. ಸ್ವರದ ಅಂಚು, ಮೀಟಿನ ಟಕ್ ಅನ್ನುವ ಸದ್ದು ಇರುವುದೆಲ್ಲ 2000ದಿಂದ 5000ದೊಳಗೆ. ಬ್ರಿಡ್ಜ್‌ನಲ್ಲಿ 8 ಹೆನ್ರಿ ನಡೆಯುತ್ತದೆ, ಏಕೆಂದರೆ ಅಲ್ಲಿ ಚುರುಕು ಬೇಕಾದಷ್ಟಿದೆ. ನೆಕ್‌ನಲ್ಲಿ ಅದೇ ಪಿಕಪ್ ಇಟ್ಟರೆ ಉಳಿಯುವುದು ಗುಂ ಅನ್ನುವುದಷ್ಟೇ. ಇದೇ ಲೆಕ್ಕದಿಂದ ಇನ್ನೊಂದೂ ಸಿಗುತ್ತದೆ: 4.5 ಹೆನ್ರಿಯ ಹಂಬಕರ್‌ಗೆ 6 ಮೀಟರ್ ಬದಲು 3 ಮೀಟರ್ ಕೇಬಲ್ ಹಾಕಿದರೆ ಉಬ್ಬು 4300ಕ್ಕೆ ಏರುತ್ತದೆ. ಪಿಕಪ್‌ಗಿಂತ ಕೇಬಲ್ ಅಗ್ಗ, ಅದನ್ನು ಮೊದಲು ಬದಲಿಸಿ ಕೇಳಿ.

ಇಂಡಕ್ಟೆನ್ಸ್ ಹೇಳದ ತಯಾರಕರೂ ಇದ್ದಾರೆ. ಆಗ ಅಂದಾಜಿಗೆ, 42 ಗೇಜ್ ತಂತಿಯ ಹಂಬಕರ್ ಆದರೆ 7ರಿಂದ 8 ಕಿಲೋ ಓಮ್‌ನೊಳಗೆ ಇರಿ. ಈ ಅಳತೆ ಹೊಸದಲ್ಲ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ ರೂಪಿಸಿ, ಗಿಬ್ಸನ್ 1957ರಲ್ಲಿ ಗಿಟಾರುಗಳಿಗೆ ಹಾಕತೊಡಗಿದ, ಪಿಎಎಫ್ ಎಂದು ಕರೆಯುವ ಹಂಬಕರ್‌ಗಳು ಸುಮಾರು 7ರಿಂದ 9 ಕಿಲೋ ಓಮ್ ಇರುತ್ತಿದ್ದವು. ಒಂದೊಂದಕ್ಕೂ ಸುತ್ತು ಬೇರೆ, ಆಯಸ್ಕಾಂತ ಬೇರೆ. ಅವುಗಳಲ್ಲಿ ಕಡಿಮೆ ಸುತ್ತಿನವು ನೆಕ್‌ಗೆ ಹೇಳಿ ಮಾಡಿಸಿದಂತೆ.

ಆಯಸ್ಕಾಂತದ ಪಾಲು ಇದಾದ ಮೇಲಿನದು. ಆಲ್ನಿಕೊ 2 ಮೆತ್ತಗೆ, ಮೀಟಿದ ಏಟನ್ನು ತುಸು ನುಣುಪು ಮಾಡುತ್ತದೆ, ತಗ್ಗಿನ ಸ್ವರ ಸ್ವಲ್ಪ ಸಡಿಲ. ಆಲ್ನಿಕೊ 5 ಬಲವಾದದ್ದು, ತಗ್ಗು ಬಿಗಿ, ಮೇಲಿನ ತುದಿ ಚುರುಕು. ಆಲ್ನಿಕೊ 4 ನಡುವಿನದು. ತುಂಬು ದನಿ ಅಂದ ಕೂಡಲೇ ಆಲ್ನಿಕೊ 2 ಹಾಕಿ ಎಂಬ ಸಲಹೆ ಬರುತ್ತದೆ, ಎಲ್ಲ ಕಡೆಯೂ ಅದು ಸರಿಯಲ್ಲ. ಪಿಕಪ್ ತಯಾರಿಸುವ ಸೀಮೋರ್ ಡಂಕನ್ ಕಂಪನಿಯ ಮೂರು ನೆಕ್ ಹಂಬಕರ್ ನೋಡಿ: ಜಾಝ್ ಸುಮಾರು 7.7 ಕಿಲೋ ಓಮ್, ಫಿಫ್ಟಿ ನೈನ್ 7.4, ಆಲ್ನಿಕೊ ಟೂ ಪ್ರೊ 7.6. ಅಂಕಿ ಒಂದೇ ಅನ್ನಬಹುದು, ದನಿ ಮೂರು ಬೇರೆ. ಜಾಝ್ ಬಿಗಿ, ಸ್ಪಷ್ಟ. ಫಿಫ್ಟಿ ನೈನ್‌ನ ತಗ್ಗು ದುಂಡಗೆ, ನಡು ತುಸು ಟೊಳ್ಳು. ಮೂರನೆಯದು ಎಲ್ಲಕ್ಕಿಂತ ಮೃದು. ಮಹಾಗನಿಯ ದಪ್ಪ ಲೆಸ್ ಪಾಲ್ ಥರದ ಗಿಟಾರು ಈಗಾಗಲೇ ಗುಂ ಅನ್ನುತ್ತಿದ್ದರೆ ಜಾಝ್ ಹಾಕುವುದೇ ಸರಿ. 24 ಫ್ರೆಟ್‌ನ, ಬೋಲ್ಟ್ ಹಾಕಿದ ನೆಕ್‌ನ ಚುರುಕು ಗಿಟಾರಿಗೆ ಆಲ್ನಿಕೊ 2 ಒಪ್ಪುತ್ತದೆ. ಪಿ-90 (ಅಗಲವಾದ ಸಿಂಗಲ್ ಕಾಯಿಲ್ ಪಿಕಪ್) ಗೂಡು ಇರುವ ಗಿಟಾರಾದರೆ ಯೋಚನೆಯೇ ಬೇಡ, ಸುತ್ತು ಹೆಚ್ಚಿಲ್ಲದ ಪಿ-90 ನೆಕ್‌ನಲ್ಲಿ ತುಂಬಾ ಚೆನ್ನಾಗಿ ಕೇಳುತ್ತದೆ. ಹಮ್ ಮಾತ್ರ ಸಹಿಸಿಕೊಳ್ಳಬೇಕು. ಹಮ್ ತೀರಾ ಹೆಚ್ಚಿದ್ದರೆ, ಮನೆಯ ಮೂರು ಪಿನ್ ಸಾಕೆಟ್‌ನಲ್ಲಿ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಮೊದಲು ನೋಡಿಸಿ.

ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವವರಿಗೆ ಒಂದು ಮಾತು. ಗಮಕಕ್ಕೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಅದು ತನ್ನ ಪೋಲ್ ಬಿಟ್ಟು ಸರಿಯುತ್ತದೆ, ಆಲ್ನಿಕೊ ಕಡ್ಡಿಗಳ ಸಿಂಗಲ್ ಕಾಯಿಲ್‌ನಲ್ಲಿ ಸ್ವರ ನಡುವೆ ಕುಗ್ಗಿದಂತಾಗುತ್ತದೆ. ಪೋಲ್‌ಗಳ ಬದಲು ಉದ್ದ ಪಟ್ಟಿ ಇರುವ ರೈಲ್ ಪಿಕಪ್‌ನಲ್ಲಿ ಈ ತೊಂದರೆ ಇಲ್ಲ.

ಕೊಳ್ಳುವಾಗ ಮೂರು ಸಂಗತಿ ಖಚಿತ ಮಾಡಿಕೊಳ್ಳಿ. ಪೋಲ್‌ಗಳ ಹರವು: ಹಂಬಕರ್‌ನಲ್ಲಿ ಮೊದಲ ಪೋಲ್‌ನಿಂದ ಆರನೆಯದಕ್ಕೆ ಸುಮಾರು 49 ಮಿ.ಮೀ. ಒಂದು ಮಾದರಿ, 51ರ ಆಸುಪಾಸು ಇನ್ನೊಂದು. ನೆಕ್ ಜಾಗದಲ್ಲಿ ತಂತಿಗಳು ಹತ್ತಿರವಿರುವುದರಿಂದ ಸಾಮಾನ್ಯವಾಗಿ 49 ಸಾಕು. ಎರಡನೆಯದು ಮುಚ್ಚಳ: ನಿಕಲ್ ಸಿಲ್ವರ್ ಆಗಿರಲಿ. ಕ್ರೋಮ್ ಬಳಿದ ಹಿತ್ತಾಳೆಯ ಮುಚ್ಚಳ ಮೇಲಿನ ಆವರ್ತನಗಳನ್ನು ತಿಂದುಹಾಕುತ್ತದೆ, ಅಗ್ಗದ ಗಿಟಾರುಗಳ ಮಂಕು ದನಿಗೆ ಎಷ್ಟೋ ಸಲ ಅದೇ ಕಾರಣ. ಮೂರನೆಯದು, ನಾಲ್ಕು ವೈರ್‌ನದ್ದನ್ನೇ ತೆಗೆದುಕೊಳ್ಳಿ. ಹಂಬಕರ್‌ನ ಎರಡು ಕಾಯಿಲ್‌ಗಳನ್ನು ಸೀರೀಸ್ ಬದಲು ಪ್ಯಾರಲಲ್ ಜೋಡಿಸಿದರೆ ಇಂಡಕ್ಟೆನ್ಸ್ ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ, ದನಿ ಗಾಜಿನಂತಾಗುತ್ತದೆ, ಆದರೂ ಹಮ್ ಬರುವುದಿಲ್ಲ. ಪುಟ್ಟ ಸ್ವಿಚ್ ಹಾಕಿಕೊಂಡರೆ ಎರಡೂ ಕೈಯಲ್ಲಿರುತ್ತವೆ.

ಪಾಟ್‌ಗಳು, ಅಂದರೆ ವಾಲ್ಯೂಮ್ ಮತ್ತು ಟೋನ್ ತಿರುಗಿಸುವ ರೆಸಿಸ್ಟರ್‌ಗಳು, ಹಂಬಕರ್‌ಗೆ 500 ಕೆ (ಕಿಲೋ ಓಮ್), ಸಿಂಗಲ್ ಕಾಯಿಲ್‌ಗೆ 250 ಕೆ. ಹಂಬಕರ್‌ಗೆ 250 ಇದ್ದರೆ ಆ ಉಬ್ಬು ಚಪ್ಪಟೆಯಾಗುತ್ತದೆ, ಹೊಸ ಪಿಕಪ್ ಹಾಕಿಯೂ ಹಳೇ ಮಂಕೇ ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವಾಗ 'ಎ' ಅಕ್ಷರದ ಲಾಗ್ ಪಾಟ್ ಕೇಳಿ, 'ಬಿ' ಅಂದರೆ ಲೀನಿಯರ್. ಷಾಫ್ಟ್ ಮತ್ತು ಮರದ ತೂತಿನ ಅಳತೆ ಹಳೇ ಪಾಟ್ ಜೊತೆ ಇಟ್ಟು ನೋಡದೆ ದುಡ್ಡು ಕೊಡಬೇಡಿ.

ಕೂರಿಸುವ ಮೊದಲು ಹಳೇ ವೈರಿಂಗ್‌ನ ಫೋಟೊ ತೆಗೆದಿಡಿ. ರೋಸಿನ್ ಇರುವ 60/40 ಸೋಲ್ಡರ್ ಬಳಸಿ, ಆ್ಯಸಿಡ್ ಫ್ಲಕ್ಸ್ ಬೇಡ. ಪಾಟ್‌ನ ಲಗ್‌ಗಳಿಗೆ (ವೈರ್ ಬೆಸೆಯುವ ಕಾಲುಗಳಿಗೆ) 25 ವ್ಯಾಟ್ ಐರನ್ ಸಾಕು. ಪಾಟ್‌ನ ಬೆನ್ನಿಗೆ ಗ್ರೌಂಡ್ ಬೆಸೆಯಲು ಸಾಲದು, ಮರಳು ಕಾಗದದಿಂದ ಉಜ್ಜಿ, 40 ವ್ಯಾಟ್ ಅಥವಾ ಹೆಚ್ಚಿನದರಲ್ಲಿ ಬೇಗ ಮುಗಿಸಿ. ಸೀಮೋರ್ ಡಂಕನ್‌ನಲ್ಲಿ ಕಪ್ಪು ಹಾಟ್ (ಇಲ್ಲಿ ಹಾಟ್ ಅಂದರೆ ಸಂಕೇತ ಒಯ್ಯುವ ವೈರ್), ಹಸಿರು ಗ್ರೌಂಡ್, ಕೆಂಪು ಮತ್ತು ಬಿಳಿ ಒಂದಕ್ಕೊಂದು ಬೆಸೆದು ಟೇಪ್ ಸುತ್ತಬೇಕು. ಡಿಮಾರ್ಜಿಯೊ ಎಂಬ ಇನ್ನೊಂದು ಕಂಪನಿಯದರಲ್ಲಿ ಕೆಂಪು ಹಾಟ್, ಹಸಿರು ಗ್ರೌಂಡ್, ಕಪ್ಪು ಮತ್ತು ಬಿಳಿ ಜೋಡಿ. ಹೊದಿಕೆಯಿಲ್ಲದ ಬರಿಯ ತಂತಿ ಎರಡರಲ್ಲೂ ಗ್ರೌಂಡಿಗೇ.

ಪಿಕ್‌ಗಾರ್ಡ್ ಮುಚ್ಚುವ ಮೊದಲು ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಡಿ. ನೆಕ್ ಆರಿಸಿ, ವಾಲ್ಯೂಮ್ ಪೂರ್ತಿ ತೆರೆದಿರಲಿ. 7.7ರ ಪಿಕಪ್ 500 ಕೆ ಪಾಟ್ ಮೂಲಕ 7.6ರ ಹತ್ತಿರ ತೋರಿಸಬೇಕು. ಅರ್ಧ ತೋರಿಸಿದರೆ ಒಂದೇ ಕಾಯಿಲ್ ಕೆಲಸ ಮಾಡುತ್ತಿದೆ, ಜೋಡಿ ವೈರ್ ಎಲ್ಲೋ ಗ್ರೌಂಡಿಗೆ ತಾಗಿದೆ. ಕಾಲು ಭಾಗ ತೋರಿಸಿದರೆ ಪ್ಯಾರಲಲ್ ಆಗಿದೆ. ಸೊನ್ನೆ ಬಂದರೆ ಶಾರ್ಟ್. ಬರೀ 500 ಕೆ ಬಂದರೆ ಪಿಕಪ್‌ನ ವೈರೇ ತಲುಪಿಲ್ಲ. ಗಿಟಾರಿಗೆ ತಂತಿ ಹಾಕಿದ ಮೇಲೆ ಎರಡೂ ಪಿಕಪ್ ಒಟ್ಟಿಗೆ ಇಟ್ಟು ಕೇಳಿ. ದನಿ ತೆಳ್ಳಗೆ, ಮೂಗಿನಲ್ಲಿ ಮಾತಾಡಿದಂತಿದ್ದರೆ ಫೇಸ್ ಉಲ್ಟಾ, ಅಂದರೆ ಎರಡರ ಸಂಕೇತಗಳು ಎದುರುಬದುರಾಗಿ ಒಂದನ್ನೊಂದು ಅಳಿಸುತ್ತಿವೆ. ಡಂಕನ್ ಆದರೆ ಕಪ್ಪು ಮತ್ತು ಹಸಿರನ್ನು ಅದಲುಬದಲು ಮಾಡಿ, ಬರಿಯ ತಂತಿ ಇದ್ದಲ್ಲೇ ಇರಲಿ. ಹೆಣೆದ ಲೋಹದ ಕವಚದ ಹಳೇ ಮಾದರಿ ವೈರ್ ಆದರೆ ಹೀಗೆ ಮಾಡಬಾರದು. ಮುಚ್ಚಳವೇ ಹಾಟ್ ಆಗಿ ಕೈ ತಾಗಿದರೆ ಗುಯ್ ಅನ್ನುತ್ತದೆ. ಅದರಲ್ಲಿ ತಳದ ನಾಲ್ಕು ಸ್ಕ್ರೂ ಸಡಿಲಿಸಿ, ಆಯಸ್ಕಾಂತದ ಪಟ್ಟಿಯನ್ನು ಹೊರಗೆ ಜಾರಿಸಿ, ಮಗುಚಿ ಹಾಕಬೇಕು. ಮುಚ್ಚಳ ಬೆಸೆದಿದ್ದರೆ ಅದನ್ನು ಮೊದಲು ಬಿಚ್ಚಬೇಕು, ಅಭ್ಯಾಸವಿಲ್ಲದಿದ್ದರೆ ರಿಪೇರಿಯವರಿಗೆ ಕೊಡಿ.

ಇಷ್ಟೆಲ್ಲ ಆಗಿಯೂ ತಗ್ಗಿನ ಸ್ವರ ಹೆಚ್ಚೆನಿಸಿದರೆ, ಪಿಕಪ್ ಮಾರುವ ಮುಂಚೆ ಕೆಲವೇ ರೂಪಾಯಿಯ ಒಂದು ಕೆಪಾಸಿಟರ್ ಹಾಕಿ ನೋಡಿ. ನೆಕ್ ಪಿಕಪ್‌ನ ಹಾಟ್ ವೈರ್ ಕತ್ತರಿಸಿ ನಡುವೆ ಸೀರೀಸ್‌ನಲ್ಲಿ 0.01 ಮೈಕ್ರೊಫ್ಯಾರಡ್ ಬೆಸೆಯಿರಿ, ಮೇಲೆ 103 ಎಂದು ಬರೆದಿರುತ್ತದೆ. 500 ಕೆ ಪಾಟ್‌ಗಳಿದ್ದರೆ ಸುಮಾರು 80 ಹರ್ಟ್ಸ್‌ನಿಂದ ಕೆಳಗೆ ಇಳಿಸುತ್ತದೆ. ಸಾಲದಿದ್ದರೆ 0.0047, ಅಂದರೆ 472, ಅದು 170ರ ಸುತ್ತ ಶುರುವಾಗುತ್ತದೆ. 473 ತರಬೇಡಿ, ಅದು ಹತ್ತು ಪಟ್ಟು ದೊಡ್ಡದು, ಇಲ್ಲಿ ಏನೂ ಮಾಡದು. ಸೆಲೆಕ್ಟರ್ ಸ್ವಿಚ್ ಮತ್ತು ವಾಲ್ಯೂಮ್ ಪಾಟ್ ತಲುಪುವ ಮೊದಲೇ, ನೆಕ್ ಪಿಕಪ್‌ನ ವೈರ್‌ನಲ್ಲೇ ಹಾಕಿ. ಆಗ ಬ್ರಿಡ್ಜ್ ಪಿಕಪ್ ಒಂದೇ ಇದ್ದಾಗಿನ ದನಿ ಬದಲಾಗುವುದಿಲ್ಲ.