ಚೈತ್ರದಲ್ಲಿ ಚಿಗುರದ ಮರ: ಬಾರೆಗೆ ಚಾಟ್ನಿ (ಕೊಂಬೆ ಸವರುವ ಕೆಲಸ) ಹೀಗೆ ಮಾಡಿ

ಯುಗಾದಿ ಹೊತ್ತಿಗೆ ಬೇವು ಹೂ ಬಿಟ್ಟಿರುತ್ತದೆ, ಹೊಂಗೆ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿರುತ್ತದೆ. ಅದೇ ಹೊಲದ ಬದುವಿನ ಬಾರೆ ಮರ ಮಾತ್ರ ಎಲೆ ಹಳದಿ ಮಾಡಿಕೊಂಡು ಒಂದೊಂದೇ ಉದುರಿಸುತ್ತ, ಇನ್ನೇನು ಒಣಗಿಯೇ ಹೋಯಿತು ಅನ್ನುವಂತೆ ನಿಂತಿರುತ್ತದೆ. ಹೊಸದಾಗಿ ಗಿಡ ಹಾಕಿದವರು ಗಾಬರಿಯಾಗಿ ನೀರು ಬಿಡುತ್ತಾರೆ, ಯೂರಿಯಾ ಎರಚುತ್ತಾರೆ. ಎರಡೂ ಬೇಡ. ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎರೆಯಲು ಹಣ್ಣು ಕೊಟ್ಟು, ಶಿವರಾತ್ರಿವರೆಗೂ ಕಾಯಿ ಹೊತ್ತ ಮರ ಈಗ ಮಲಗಿದೆ. ಅದು ಏಳುವುದರೊಳಗೆ ನಾವು ಗರಗಸ ಹಿಡಿಯಬೇಕು.

ಹಳೆ ಮೈಸೂರಿನ ಕಡೆ ಎಲಚಿ, ನಮ್ಮ ವಿಜಯಪುರ–ಬಾಗಲಕೋಟೆ ಕಡೆ ಬಾರಿ, ಪೇಟೆಯಲ್ಲಿ ಬೋರೆ. ಮೊಬೈಲಿನಲ್ಲಿ ‘ಜುಜುಬಿ’ ಎಂದು ಹುಡುಕಿದರೆ ಸಿಗುವ ಸಲಹೆಗಳು ಹೆಚ್ಚಾಗಿ ಚೀನಾದ ಜಾತಿಗೆ ಹೇಳಿದ್ದು. ಆ ಮರ ಚಳಿಗೆ ಎಲೆ ಉದುರಿಸಿ ವಸಂತದಲ್ಲಿ ಚಿಗುರುತ್ತದೆ. ನಮ್ಮ ಬಾರೆಗೆ ನಿದ್ದೆ ಬರುವುದೇ ಬಿಸಿಲಿಗೆ. ಆ ಕ್ಯಾಲೆಂಡರ್ ಇಲ್ಲಿ ನಡೆಯುವುದಿಲ್ಲ.

ಕತ್ತರಿಸಲೇಬೇಕೆ? ಬೇಕು. ಬಾರೆ ಹೂ ಬಿಡುವುದು ಆಯಾ ವರ್ಷ ಬಂದ ಹೊಸ ರೆಂಬೆಗಳ ಎಲೆ ಬುಡದಲ್ಲಿ. ಹಳೆ ಕಟ್ಟಿಗೆಯನ್ನು ಹಾಗೇ ಬಿಟ್ಟರೆ ಹೊಸ ಚಿಗುರು ತುದಿಗೆ ಸರಿಯುತ್ತ ಹೋಗುತ್ತದೆ. ಮೊದಲ ವರ್ಷ ನಾನು ಕನಿಕರದಿಂದ ತುದಿಗಳನ್ನಷ್ಟೇ ಸವರಿ ಬಿಟ್ಟಿದ್ದೆ. ಮುಂದಿನ ಸುಗ್ಗಿಗೆ ಹಣ್ಣೆಲ್ಲ ಏಣಿಗೂ ಎಟುಕದಷ್ಟು ಮೇಲೆ, ಗಾತ್ರವೂ ಗೋಲಿಯಷ್ಟು. ಕೆಳಗೆ ಬರೀ ಮುಳ್ಳು.

ಕೊನೆಯ ಕೊಯ್ಲಾದ ಮೇಲೆ ನೀರು ಪೂರ್ತಿ ನಿಲ್ಲಿಸಿ. ಏಪ್ರಿಲ್‌ನಲ್ಲಿ, ಎಲೆ ಬಹುಪಾಲು ಉದುರಿದ್ದು ನೋಡಿ ಚಾಟ್ನಿಗೆ ಇಳಿಯಿರಿ. ಚಾಟ್ನಿ ಎನ್ನುವುದು ದ್ರಾಕ್ಷಿ ಬೆಳೆಗಾರರ ಮಾತು, ಬಾರೆಗೂ ಅದೇ ನಡೆದಿದೆ. ಚಿಗುರು ಹೊರಟ ಮೇಲೆ ಕತ್ತರಿಸಿದರೆ ಮರ ಕೂಡಿಟ್ಟ ಶಕ್ತಿ ವ್ಯರ್ಥ.

ಉಮ್ರಾನ್, ಗೋಲಾದಂಥ ತಳಿಗಳಾದರೆ ಕಳೆದ ವರ್ಷದ ಮುಖ್ಯ ರೆಂಬೆಗಳಲ್ಲಿ 15ರಿಂದ 20 ಗೆಣ್ಣು ಉಳಿಸಿ, ಮುಂದಿನದನ್ನೂ ಅಕ್ಕಪಕ್ಕದ ಕವಲುಗಳನ್ನೂ ತೆಗೆಯಿರಿ. ಆಪಲ್ ಬೋರೆ ಬೆಳೆಯುವವರು ಇಷ್ಟಕ್ಕೆ ನಿಲ್ಲುವುದಿಲ್ಲ. ಪ್ರತಿ ವರ್ಷ ಕಾಂಡದ ಮೇಲೆ ಮೊಳದುದ್ದ ಕೊಂಬೆ ಬಿಟ್ಟು ಉಳಿದದ್ದನ್ನು ಬೋಳಿಸುತ್ತಾರೆ. ನೋಡಲು ಕರುಳು ಚುರುಕ್ ಎನ್ನುತ್ತದೆ, ಆದರೆ ಮರ ಬೇಸರ ಮಾಡಿಕೊಳ್ಳುವುದಿಲ್ಲ. ಎಳೆ ಗಿಡಗಳಿಗೆ ಲೆಕ್ಕ ಬೇರೆ: ನೆಲದಿಂದ ಎರಡೂವರೆ ಅಡಿ ಕಾಂಡ ಬೋಳಾಗಿರಲಿ, ಅದರ ಮೇಲೆ ಮೂರ್ನಾಲ್ಕು ದಿಕ್ಕಿಗೆ ಒಂದೊಂದು ಕೊಂಬೆ ಸಾಕು. ಕಸಿ ಗಂಟಿನ ಕೆಳಗಿಂದ ಹೊರಟ ಚಿಗುರು ಕಂಡ ತಕ್ಷಣ ಕಿತ್ತುಹಾಕಿ. ಅದು ಕಾಡುಬಾರೆ, ಬಿಟ್ಟರೆ ಮೇಲಿನ ಕಸಿಯನ್ನೇ ನುಂಗುತ್ತದೆ.

ದಪ್ಪ ಕೊಂಬೆಯನ್ನು ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಿರಿ. ಇಲ್ಲವಾದರೆ ಕೊಂಬೆ ಬೀಳುವಾಗ ತೊಗಟೆಯನ್ನು ಬುಡದವರೆಗೆ ಸೀಳಿಕೊಂಡು ಹೋಗುತ್ತದೆ. ಕೊಡಲಿ ಬೇಡ.

ಮುಳ್ಳಿನ ಬಗ್ಗೆ ಒಂದು ಮಾತು. ಬಾರೆಯ ಗೆಣ್ಣನ್ನು ಹತ್ತಿರದಿಂದ ನೋಡಿದರೆ ಸಾಮಾನ್ಯವಾಗಿ ಜೋಡಿ ಮುಳ್ಳು ಕಾಣುತ್ತದೆ: ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯ ಹಾಗೆ ಬಾಗಿದ್ದು. ನೆಟ್ಟಗಿನದು ಚುಚ್ಚುತ್ತದೆ, ಬಾಗಿದ್ದು ಹಿಡಿದುಕೊಳ್ಳುತ್ತದೆ. ಅಂಗಿ ಸಿಕ್ಕಿದಾಗ ಕೈಯನ್ನು ಜಗ್ಗಿದರೆ ಚರ್ಮವೂ ಜೊತೆಗೆ ಬರುತ್ತದೆ. ಕೈಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಕೊಕ್ಕೆ ಬಿಡಿಸಿಕೊಳ್ಳಿ. ಕೊಯ್ದ ಕೊಂಬೆಗಳನ್ನು ಕವೆಗೋಲಿನಿಂದ ಸರಿಸಿ. ಉಳಿದ ಎಲೆ ಆಡಿಗೆ, ಕಂಟಿ ಬೇಲಿಗೆ. ಬಿಸಾಡುವಂಥದ್ದು ಏನೂ ಇಲ್ಲ.

ಗಾಯಗಳಿಗೆ ಅವತ್ತೇ ಬೋರ್ಡೋ ಮುಲಾಮು ಬಳಿಯಿರಿ. ನಾಲ್ಕಾರು ಮರಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು ಸಾಕು. ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ್ದು ಬೇಡ. ಮರ ಬೋಳಾದಾಗಲೇ ಇನ್ನೊಂದು ಕಾಣುತ್ತದೆ: ಕವಲಿನ ಸಂದಿಯಲ್ಲಿ ಹಿಕ್ಕೆ, ತೊಗಟೆಯ ಪುಡಿ ಅಂಟಿದ ಜೇಡರಬಲೆಯಂಥ ಪಟ್ಟಿ. ಒಳಗೆ ತೊಗಟೆ ತಿನ್ನುವ ಹುಳ ಕೂತಿದೆ. ಬಲೆ ಕೆರೆದು, ತೂತಿಗೆ ತಂತಿ ಆಡಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಮಣ್ಣು ಮೆತ್ತಿ.

ಇನ್ನು ನೆಲದ ಕೆಲಸ. ಹೆಚ್ಚಿನವರು ಬಿಡುವುದು ಇದನ್ನೇ. ಕಚ್ಚಿದ ಹಣ್ಣಿನೊಳಗೆ ಬಿಳಿ ಹುಳ ಸಿಕ್ಕಿ ಉಗುಳಿದ್ದೀರಲ್ಲ, ಅದು ಹಣ್ಣುನೊಣದ ಮರಿ. ಬಲಿತ ಮರಿ ಹಣ್ಣಿನಿಂದ ಹೊರಬಿದ್ದು ಮರದ ಕೆಳಗಿನ ಮಣ್ಣು ಸೇರಿ ಕೋಶವಾಗುತ್ತದೆ, ಮುಂದಿನ ಫಸಲಿಗೆ ನೊಣವಾಗಿ ಏಳುತ್ತದೆ. ಬಿದ್ದ ಹಣ್ಣನ್ನೆಲ್ಲ ಆರಿಸಿ ಎರಡಡಿ ಆಳದಲ್ಲಿ ಹೂಳಿ. ಸಾಲಿನ ನಡುವೆ ನೇಗಿಲು ಹೊಡೆದು, ಮರದ ಕೆಳಗೆ ಸಲಿಕೆಯಿಂದ ಮಣ್ಣು ತಿರುವಿ ಹಾಕಿ. ಏಪ್ರಿಲ್–ಮೇ ಬಿಸಿಲಿಗೆ ಕೋಶ ಸುಟ್ಟುಹೋಗುತ್ತದೆ, ಉಳಿದದ್ದನ್ನು ಗೊರವಂಕಗಳು ಹೆಕ್ಕುತ್ತವೆ. ನಂತರದ ಔಷಧಿ ಖರ್ಚಿನಲ್ಲಿ ಒಂದು ಪಾಲು ಇಲ್ಲೇ ಉಳಿಯಿತು.

ಗೊಬ್ಬರಕ್ಕೆ ಅವಸರವಿಲ್ಲ. ಮೊದಲ ಹದ ಮಳೆ ಬಿದ್ದಾಗ ಫಲ ಕೊಡುವ ಮರಕ್ಕೆ 30 ಕೆ.ಜಿ. ತಿಪ್ಪೆಗೊಬ್ಬರ, ಕಾಂಡಕ್ಕೆ ತಾಗದಂತೆ ಸುತ್ತ. ಸಾರಜನಕ ಅರ್ಧ ಆಗ, ಅರ್ಧ ಕಾಯಿ ಕಚ್ಚಿದ ಮೇಲೆ. ಹೊಸ ಚಿಗುರು ಒತ್ತಾಗಿ ಬಂದರೆ ಒಳಮುಖದವನ್ನು ಚಿವುಟಿ, ಗಾಳಿ ಆಡಲಿ.

ಬದುವಿನಲ್ಲಿ ಹುಳಿ ಕಾಡುಬಾರೆ ಇದ್ದರೆ ಕಡಿದು ಒಲೆಗೆ ಹಾಕಬೇಡಿ. ಅದರ ಬೇರು ಆಗಲೇ ಆಳಕ್ಕಿಳಿದಿದೆ, ಅಂಥ ಬೇರು ನರ್ಸರಿ ಚೀಲದಲ್ಲಿ ಸಿಗುವುದಿಲ್ಲ. ಈಗ ಮೊಣಕಾಲೆತ್ತರಕ್ಕೆ ಕೊಯ್ದು ಬಿಡಿ. ಬರುವ ಚಿಗುರುಗಳಲ್ಲಿ ಗಟ್ಟಿಯಾದ ಎರಡು ಉಳಿಸಿ. ಜೂನ್–ಜುಲೈನಲ್ಲಿ ಅವು ಪೆನ್ಸಿಲ್ ದಪ್ಪವಾದಾಗ ಒಳ್ಳೆ ಮರದ ಕಣ್ಣನ್ನು (ಎಲೆ ಬುಡದ ಚಿಗುರುಮೊಗ್ಗನ್ನು), ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿ, ತೊಗಟೆ ಸೀಳಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಎರಡು–ಮೂರು ವಾರಕ್ಕೆ ಆ ತೊಟ್ಟಿಗೆ ಬೆರಳು ತಾಕಿಸಿ ನೋಡಿ. ತಾನಾಗಿ ಕಳಚಿ ಬಿದ್ದರೆ ಕಣ್ಣು ಹಿಡಿದಿದೆ. ಒಣಗಿ ಅಂಟಿಕೊಂಡೇ ಇದ್ದರೆ ಎರಡನೇ ಚಿಗುರಿಗೆ ಇನ್ನೊಂದು ಕಣ್ಣು ಕೂರಿಸಿ.