ಸೆಂಟಿಪೀಡ್ ಆಟ ಓಡುತ್ತಿದೆ, ಸದ್ದೇ ಇಲ್ಲ ಅನ್ನುವವರಿಗೆ
1981ರ ಅಟಾರಿ ಸೆಂಟಿಪೀಡ್ ಕ್ಯಾಬಿನೆಟ್‌ನಲ್ಲಿ (ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರ) ಚಿತ್ರ ಸರಿಯಾಗಿ ಬಂದು ಸದ್ದು ಮಾತ್ರ ಬರದಿದ್ದರೆ ಸುಮ್ನೆ ಗೇಮ್ ಬೋರ್ಡ್ ಬಿಚ್ಚಬೇಡಿ. ಇದರ ಆಂಪ್ಲಿಫೈಯರ್ ಇರುವುದು ಬೇರೆ ಬೋರ್ಡಿನಲ್ಲಿ, 5 ವೋಲ್ಟ್ ರೆಗ್ಯುಲೇಟರ್ ಜೊತೆಗೇ.

ಮೊದಲು ಪ್ಲಗ್ ಕಿತ್ತು, ಸ್ಪೀಕರ್ ವೈರ್ ಬಿಡಿಸಿ, ಒಂದೂವರೆ ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಟಕ್ ಅಂದರೆ ಸ್ಪೀಕರ್ ಚೆನ್ನಾಗಿದೆ. ಮಾನಿಟರ್ ಕಡೆ ಕೈ ಹಾಕಲೇಬೇಡಿ, ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ವಾಲ್ಯೂಮ್ ಕಂಟ್ರೋಲ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಆ ಕಡೆ ಈ ಕಡೆ ಚೆನ್ನಾಗಿ ತಿರುಗಿಸಿ.

ಸ್ಪೀಕರ್ ವೈರ್ ಮತ್ತೆ ಹಾಕಿ, ಪವರ್ ಕೊಟ್ಟು ನೋಡಿ. ಆಗಲೂ ಸದ್ದಿಲ್ಲವಾ? ಆಂಪ್ಲಿಫೈಯರ್ ಬೋರ್ಡಿನಲ್ಲಿ ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ತುಂಡು) ಕೂತಿರುವ ಐದು ಕಾಲಿನ ಆಂಪ್ಲಿಫೈಯರ್ ಐಸಿ (ಚಿಪ್), ಟಿಡಿಎ 2002, ಅದನ್ನು ನೋಡಿ. ಪವರ್ ಇದ್ದ ಹಾಗೇ ಮಲ್ಟಿಮೀಟರ್‌ನ ಕಪ್ಪು ಕಡ್ಡಿ ಗ್ರೌಂಡ್‌ಗೆ ಇಟ್ಟರೆ 5ನೇ ಕಾಲಿನಲ್ಲಿ ಸುಮಾರು 10 ವೋಲ್ಟ್, 4ನೇ ಕಾಲಿನಲ್ಲಿ ಅದರ ಅರ್ಧದಷ್ಟು ಸಿಗಬೇಕು. ಕಾಲುಗಳು ತುಂಬಾ ಹತ್ತಿರ ಇವೆ, ಕಡ್ಡಿ ಜಾರಿ ಎರಡು ಕಾಲು ಶಾರ್ಟ್ ಆದರೆ ಒಳ್ಳೆ ಐಸಿಯೂ ಹೋಗುತ್ತದೆ. 5ರಲ್ಲಿ ವೋಲ್ಟೇಜ್ ಇದ್ದೂ 4ರಲ್ಲಿ ಸೊನ್ನೆ ಅಥವಾ ಪೂರ್ತಿ 10 ತೋರಿಸಿದರೆ ಐಸಿ ಸತ್ತಿರುವುದೇ ಜಾಸ್ತಿ. ಟಿಡಿಎ 2003 ಅದೇ ಜಾಗದಲ್ಲಿ ಕೂರುತ್ತದೆ. 4ರಲ್ಲಿ ಅರ್ಧ ವೋಲ್ಟೇಜ್ ಸರಿಯಾಗಿಯೇ ಬಂದರೆ ಸ್ಪೀಕರ್‌ಗೆ ಹೋಗುವ ದೊಡ್ಡ ಕೆಪಾಸಿಟರ್ ಒಣಗಿದೆಯಾ, ಕನೆಕ್ಟರ್ ಪಿನ್ನಿನ ಸುತ್ತ ಬೆಸುಗೆ ಬಿರುಕು ಬಿಟ್ಟಿದೆಯಾ ನೋಡಿ.